ಹೆಸರಿನ ಮುಂದಿನ ಖಾಲಿ ಜಾಗ



ಕಳೆದ ಸಲ ನಿಮ್ಮ ಮನೆಯವರೆಲ್ಲ ಸೇರಿ ಪ್ರವಾಸ ಹೋದಾಗ ಮನೆಯ ಹಿರಿಯರು ಎಲ್ಲಿದ್ದರು? ಉತ್ತರವನ್ನು ಈಗಲೇ ಹೇಳಬೇಡಿ. ಮೊದಲು ನನ್ನದನ್ನು ಹೇಳಿಬಿಡುತ್ತೇನೆ.

1996ರ ಬೇಸಿಗೆ ರಜೆಯಲ್ಲಿ ನಾವು ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ಆಗ ನನ್ನ ಅತ್ತೆಗೆ ಅರವತ್ತೈದರ ಪ್ರಾಯ. ಗಟ್ಟಿಮುಟ್ಟಾಗಿಯೇ ಇದ್ದರು. ಬಾವಿಯಿಂದ ನೀರು ಸೇದುತ್ತಿದ್ದರು, ತೋಟಕ್ಕೆ ಹೋಗಿ ತೆಂಗಿನ ಮಡಲು ಎಳೆದು ತರುತ್ತಿದ್ದರು. ಆದರೂ, "ಬೆಟ್ಟದ ಮೇಲೆ ಚಳಿ, ಅವರಿಗೆ ಆಗಲಿಕ್ಕಿಲ್ಲ" ಎಂದು ನಾನೇ ಹೇಳಿದೆ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ನಂಬಿದ್ದೆ. ಅವರನ್ನು ಮೈದುನನ ಮನೆಯಲ್ಲಿ ಬಿಟ್ಟೆವು. ಹೊರಡುವ ಹಿಂದಿನ ರಾತ್ರಿ ಅವರು ನಿದ್ದೆಗೆಟ್ಟು ನೈಯಪ್ಪ ಸುಟ್ಟು ಡಬ್ಬ ತುಂಬ ಕಟ್ಟಿಕೊಟ್ಟರು. ಮೂರು ದಿನ ಬಿಟ್ಟು ಮರಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅಲ್ಲಿ ತುಂಬಾ ಚಳಿ ಇತ್ತಾ?" ಮೇ ತಿಂಗಳು. ಅಂಥ ಚಳಿಯೇನೂ ಇರಲಿಲ್ಲ. ಹಾಗೆಂದೇ ಹೇಳಿದೆ. ಅವರು ಖಾಲಿ ಡಬ್ಬ ತೊಳೆಯಲು ಎದ್ದು ಹೋದರು.

ಅವರ ಆ ಪ್ರಶ್ನೆ ಏನೆಂದು ನನಗೆ ಅರ್ಥವಾದದ್ದು ಇಪ್ಪತ್ತೆಂಟು ವರ್ಷಗಳ ನಂತರ, 2024ರ ಆಗಸ್ಟ್ ತಿಂಗಳಲ್ಲಿ, ಕೆನಡಾದಲ್ಲಿ.

ನನ್ನ ಮಗ ಟೊರೊಂಟೊ ನಗರದ ಹತ್ತಿರ ಸಂಸಾರ ಸಮೇತ ನೆಲೆಸಿದ್ದಾನೆ. ಆ ವರ್ಷ ನಾನೂ ನಮ್ಮವರೂ ಅವನ ಮನೆಗೆ ಹೋಗಿದ್ದೆವು. ಮಗ, ಸೊಸೆ ಇಬ್ಬರೂ ಒಳ್ಳೆಯವರು, ಅಲ್‌ಹಮ್ದುಲಿಲ್ಲಾಹ್. ನಮ್ಮನ್ನು ಒಂದು ಲೋಟ ಎತ್ತಲೂ ಬಿಡುತ್ತಿರಲಿಲ್ಲ. ಊರಿನಲ್ಲಿ ಬೆಳಿಗ್ಗೆಯೇ ಸುಬ್‌ಹಿಗೆ ಎದ್ದು ತೋಟ, ಪೇಟೆ ಎಂದು ಓಡಾಡುತ್ತಿದ್ದ ನಮ್ಮವರು ಅಲ್ಲಿ ದಿನವಿಡೀ ಸೋಫಾದಲ್ಲಿ ಕುಳಿತಿರುತ್ತಿದ್ದರು. ಹನ್ನೆರಡು ವರ್ಷದ ಮೊಮ್ಮಗಳಿಗೂ ಎಂಟು ವರ್ಷದ ಮೊಮ್ಮಗನಿಗೂ ನಮ್ಮ ಬ್ಯಾರಿ ಭಾಷೆ ಅರ್ಥವಾಗುತ್ತದೆ, ಆದರೆ ಉತ್ತರ ಬರುವುದು ಇಂಗ್ಲಿಷಿನಲ್ಲಿ. ಹಾಗಾಗಿ ಅಜ್ಜನಿಗೂ ಮಕ್ಕಳಿಗೂ ನಡುವೆ ಸಲಾಮಿನಾಚೆ ಹೆಚ್ಚು ಮಾತು ಬೆಳೆದಿರಲಿಲ್ಲ.

ಒಂದು ದಿನ ಅವರು ಉತ್ತರದ ಕಾಡಿನಲ್ಲಿ ಡೇರೆ ಹಾಕಿ ಮೂರು ರಾತ್ರಿ ಕಳೆಯುವ ಯೋಜನೆ ಹಾಕಿದರು. ಮೀನು ಹಿಡಿಯುವುದೂ ಅದರಲ್ಲಿತ್ತು. "ಉಮ್ಮಾ, ಅಲ್ಲಿ ರಾತ್ರಿ ಚಳಿ, ಸೊಳ್ಳೆ ಬೇರೆ. ನಿಮಗೆ ಕಷ್ಟ ಆಗಬಹುದು" ಎಂದಳು ಸೊಸೆ. ಅವಳ ಧ್ವನಿಯಲ್ಲಿ ಕಾಳಜಿ ಬಿಟ್ಟು ಬೇರೇನೂ ಇರಲಿಲ್ಲ. ನಾನು ಮಾತ್ರ ಬೆಚ್ಚಿಬಿದ್ದೆ. ಅದು ನನ್ನದೇ ಮಾತಾಗಿತ್ತು. ಮೊಮ್ಮಗಳು ಹಟ ಹಿಡಿದ ಕಾರಣ ನಮ್ಮನ್ನೂ ಕರೆದುಕೊಂಡು ಹೋಗುವುದೆಂದಾಯಿತು.

ಸೊಸೆ ಕೆಲಸಕ್ಕೆ ಹೋಗುವವಳು. ಪ್ರವಾಸವೆಂದರೆ ಅಡುಗೆಮನೆಯನ್ನು ಹೊತ್ತುಕೊಂಡು ಹೋಗಿ ಕಾಡಿನಲ್ಲಿಟ್ಟು ಅಲ್ಲಿಯೂ ಹೆಂಗಸರೇ ಬೇಯುವುದು ಎಂದಾಗಬಾರದು ಎಂಬುದು ಅವಳ ನಿಯಮ. ಒಳ್ಳೆಯ ನಿಯಮ. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಆಯಿಶಾ(ರ) ತಿಳಿಸಿದ ಹದೀಸ್ ನಮಗೆಲ್ಲ ಗೊತ್ತಿರುವುದೇ. ಅವಳು ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದಳು. ಡೇರೆ ಕಟ್ಟುವುದು, ಒಲೆ ಹೊತ್ತಿಸುವುದು, ಪಾತ್ರೆ ತೊಳೆಯುವುದು ಮಗನ ಪಾಲಿಗೆ. ಅಡುಗೆ ಅವಳದು. ನೀರು ತರುವುದು, ಕಸ ಒಟ್ಟುಮಾಡುವುದು ಮಕ್ಕಳದು. ಪಟ್ಟಿಯ ಕೊನೆಯಲ್ಲಿ ಅಜ್ಜ, ಅಜ್ಜಿ ಎಂದು ಬರೆದಿತ್ತು. ಅದರ ಮುಂದೆ ಏನೂ ಬರೆದಿರಲಿಲ್ಲ.

"ನೀವು ಆರಾಮವಾಗಿ ಕುಳಿತುಕೊಳ್ಳಿ, ಅಷ್ಟೇ" ಎಂದ ಮಗ. ನಮ್ಮವರು ಪಟ್ಟಿ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಹೇಳಲಿಲ್ಲ.

ನಾವು ಹೋದದ್ದು ಟೆಮಾಗಮಿ ಎಂಬ ಊರಿಗೆ. ಟೊರೊಂಟೊದಿಂದ 11ನೇ ಹೆದ್ದಾರಿಯಲ್ಲಿ ನೇರ ಉತ್ತರಕ್ಕೆ, ನಾರ್ತ್ ಬೇ ಪಟ್ಟಣವನ್ನು ದಾಟಿ, ಸುಮಾರು 450 ಕಿ.ಮೀ. ಮಂಗಳೂರಿನಿಂದ ಬೆಂಗಳೂರಿಗಿಂತಲೂ ದೂರ. ಹೋಗುತ್ತಾ ಹೋಗುತ್ತಾ ಊರುಗಳು ಕಡಿಮೆಯಾಗಿ ಬಂಡೆ, ಪೈನ್ ಮರ, ಕೆರೆ ಇಷ್ಟೇ ಉಳಿಯುತ್ತವೆ. ಟೆಮಾಗಮಿ ಸರೋವರದಲ್ಲಿ ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ದಡದಲ್ಲಿ ನಿಂತರೆ ಆಚೆ ದಡ ಯಾವುದು, ದ್ವೀಪ ಯಾವುದು ಎಂದು ತಿಳಿಯುವುದಿಲ್ಲ. ಇಲ್ಲಿನ ಕೆಲವು ಪೈನ್ ಮರಗಳಿಗೆ ಇನ್ನೂರು ವರ್ಷಕ್ಕಿಂತ ಹೆಚ್ಚು ವಯಸ್ಸು.

ಅಲ್ಲಿ ಕಾಡಿಗೆ ಹೋಗುವುದೆಂದರೆ ಮನಸ್ಸಿಗೆ ಬಂದಂತೆ ಇರುವುದಲ್ಲ. ಕರಿಕರಡಿಗಳು ಬರುವ ಜಾಗ, ಆದ್ದರಿಂದ ಡೇರೆಯೊಳಗೆ ಒಂದು ಬಿಸ್ಕತ್ತನ್ನೂ ಇಡಬಾರದು. ವಾಸನೆ ಇರುವ ಸೋಪು, ಹಲ್ಲುಜ್ಜುವ ಪೇಸ್ಟ್ ಕೂಡ ರಾತ್ರಿ ಕಾರಿನೊಳಗೆ ಬೀಗ ಹಾಕಿಡಬೇಕು. ದೋಣಿಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಲೈಫ್ ಜಾಕೆಟ್ ಇರಲೇಬೇಕು. ಗಾಳ ಹಾಕಲು ಸರಕಾರದ ಲೈಸೆನ್ಸ್ ಬೇಕು. ಅಲ್ಲಿಯ ನಿವಾಸಿಗಳಾದರೆ ಹದಿನೆಂಟು ತುಂಬದವರಿಗೂ ಅರವತ್ತೈದು ದಾಟಿದವರಿಗೂ ಅದರಿಂದ ವಿನಾಯಿತಿ ಇದೆ. ನಮ್ಮಂತೆ ಹೊರದೇಶದಿಂದ ಬಂದ ದೊಡ್ಡವರಿಗೆ ಎಷ್ಟೇ ವಯಸ್ಸಾಗಿದ್ದರೂ ಲೈಸೆನ್ಸ್ ಬೇಕು. ಮಗ ತನಗೊಂದು ಮಾಡಿಸಿಕೊಂಡಿದ್ದ. ತಂದೆಗೆ ಮಾಡಿಸಿರಲಿಲ್ಲ. ಅವರು ಕುಳಿತುಕೊಳ್ಳಲು ಬಂದವರು ತಾನೇ!

ಮೊದಲ ದಿನ ಸಂಜೆ ಒಂದು ಘಟನೆ ನಡೆಯಿತು. ಸೂರ್ಯ ಮುಳುಗುವಾಗ ಗಂಟೆ ರಾತ್ರಿ ಎಂಟೂವರೆ. ನಮ್ಮವರು ತಣ್ಣೀರಿನಲ್ಲಿ ವುಝೂ ಮಾಡಿ, ಮಗ್ರಿಬ್ ನಮಾಝಿಗೆಂದು ಸೂರ್ಯ ಮುಳುಗಿದ ದಿಕ್ಕಿಗೇ ಚಾಪೆ ಹಾಸಿದರು. ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಕಿಬ್ಲಾ ಎಂದರೆ ಕಡಲಿನ ದಿಕ್ಕು, ಪಶ್ಚಿಮ. ಜೀವಮಾನದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಮೊಮ್ಮಗ ದಿಕ್ಸೂಚಿ ಹಿಡಿದು ಓಡಿಬಂದ. "ಅಜ್ಜಾ, ಇಲ್ಲಿ ಆ ಕಡೆ ಅಲ್ಲ, ಈ ಕಡೆ" ಎಂದು ಈಶಾನ್ಯಕ್ಕೆ ಕೈ ತೋರಿಸಿದ. ಮೊಮ್ಮಗಳು ಒಂದು ಕಿತ್ತಳೆ ಹಣ್ಣಿನ ಮೇಲೆ ದಾರ ಎಳೆದು ತೋರಿಸಿದಳು. ಭೂಮಿ ಗುಂಡಗಿರುವುದರಿಂದ ಕೆನಡಾದಿಂದ ಮಕ್ಕಾಕ್ಕೆ ಅತಿ ಹತ್ತಿರದ ದಾರಿ ಉತ್ತರಕ್ಕೆ ಬಾಗಿ ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಅಜ್ಜ ಆ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು. ಚಾಪೆ ತಿರುಗಿಸಿ ಮೊಮ್ಮಗನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡರು. ಅಜ್ಜ ತನ್ನಿಂದ ಕಲಿತರೆಂಬ ಹೆಮ್ಮೆ ಹುಡುಗನ ಮುಖದಲ್ಲಿ ಆ ರಾತ್ರಿಯಿಡೀ ಇತ್ತು.

ಅಂದಿನ ಮೀನು ಬೇಟೆ ಶೂನ್ಯ. ಮರುದಿನ ಬೆಳಿಗ್ಗೆಯೂ ಶೂನ್ಯ. ಮಗ ಬಾಡಿಗೆಯ ದೋಣಿಯಲ್ಲಿ ಮಕ್ಕಳನ್ನು ಕೂರಿಸಿ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಸುತ್ತಿ ಬಂದ. ಮಕ್ಕಳ ಮುಖ ಬಾಡಿತ್ತು. ನಮ್ಮವರು ದಡದ ಕುರ್ಚಿಯಲ್ಲಿ ಕುಳಿತು ನೀರನ್ನೇ ನೋಡುತ್ತಿದ್ದರು. ಇವರು ಬಾಲ್ಯದಲ್ಲಿ ತಮ್ಮ ತಂದೆಯ ಜೊತೆ ನೇತ್ರಾವತಿಯಲ್ಲಿ ಬಲೆ ಬೀಸಿದವರು. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲಿಗೆ ಸೇರುವ ಅಳಿವೆಯಲ್ಲಿ ಯಾವ ಹೊತ್ತಿಗೆ ಯಾವ ಮೀನು ಎಂದು ಹೇಳಬಲ್ಲವರು. ಆ ವಿಷಯ ನಮ್ಮ ಮೊಮ್ಮಕ್ಕಳಿಗೆ ಗೊತ್ತೇ ಇರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಮಗನಿಗೂ ಅದು ಮರೆತುಹೋಗಿತ್ತು.

ಅಸರ್ ನಂತರ ಇವರು ಮೆಲ್ಲನೆ ಕೇಳಿದರು: "ಹತ್ತಿರದಲ್ಲಿ ಎಲ್ಲಾದರೂ ತೋಡು ಬಂದು ಸೇರುತ್ತದಾ?"

ಮಗ ನಕ್ಷೆ ತೆರೆದ. ಒಂದು ಕಡೆ ಸಣ್ಣ ತೋಡು ಸರೋವರಕ್ಕೆ ಸೇರುತ್ತಿತ್ತು.

"ಹಾಗಾದರೆ ಅಲ್ಲಿಗೆ ಹೋಗುವಾ. ಈಗ ಬೇಡ, ಬಿಸಿಲು ಇಳಿಯಲಿ. ಗಾಳಿಯೂ ಆ ದಡಕ್ಕೇ ಬೀಸುತ್ತಾ ಉಂಟು. ಗಾಳಿ ತಳ್ಳಿದ ಕಡೆ ಸಣ್ಣ ಮೀನು ಇರುತ್ತದೆ, ಸಣ್ಣದರ ಹಿಂದೆ ದೊಡ್ಡದು ಬರುತ್ತದೆ."

ಎಲ್ಲರೂ ಹೋದೆವು. ಇವರ ಹತ್ತಿರ ಲೈಸೆನ್ಸ್ ಇಲ್ಲ, ಆದ್ದರಿಂದ ಗಾಳ ಮುಟ್ಟುವಂತಿಲ್ಲ. ಕೈ ಕಟ್ಟಿ ಕುಳಿತು ಬಾಯಲ್ಲೇ ಹೇಳುತ್ತಿದ್ದರು. ಮೊಮ್ಮಗಳು ಅದನ್ನು ತಮ್ಮನಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅವಳು ಅನುವಾದ ಮಾಡುವುದನ್ನು ನಿಲ್ಲಿಸಿದಳು, ಹುಡುಗನಿಗೆ ಅಜ್ಜನ ಮಾತೇ ಸಾಕಾಗಿತ್ತು. ಬೆಳಕು ಮಂಕಾಗುತ್ತಿದ್ದಂತೆ ಗಾಳದ ಕೋಲು ಬಾಗಿತು. "ಎಳೆಯಬೇಡ, ಅದು ಎಳೆಯುವಾಗ ಬಿಡು, ಅದು ನಿಂತಾಗ ಎಳೆ" ಎಂದರು ಅಜ್ಜ. ಬಂದದ್ದು ವಾಲೈ ಎಂಬ ಮೀನು. ಅಲ್ಲಿಯ ಜನ ಅದನ್ನು ಪಿಕರೆಲ್ ಎನ್ನುತ್ತಾರೆ. ಬೆನ್ನಿನ ಮೇಲೆ ಚೂಪಾದ ಮುಳ್ಳು, ಕಣ್ಣು ಗಾಜಿನಂತೆ. ಕಣ್ಣಿನೊಳಗೆ ಬೆಳಕನ್ನು ಪ್ರತಿಫಲಿಸುವ ಪದರವಿರುವುದರಿಂದ ಅದಕ್ಕೆ ಮಬ್ಬು ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಅದು ಮುಸ್ಸಂಜೆಯಲ್ಲಿ ಬೇಟೆಗೆ ಹೊರಡುವುದು. ಮಗ ಎರಡು ದಿನ ಬಿಸಿಲಿನಲ್ಲಿ ಸುತ್ತಿದ್ದು ಯಾಕೆ ವ್ಯರ್ಥವಾಯಿತೆಂದು ಆಗ ತಿಳಿಯಿತು.

ನಾಲ್ಕು ಮೀನು ಸಿಕ್ಕಿದವು. ಒಂದನ್ನು ಮೊಮ್ಮಗಳು ಅಳತೆಪಟ್ಟಿಯಲ್ಲಿಟ್ಟು ನೋಡಿ ನೀರಿಗೆ ಬಿಟ್ಟುಬಿಟ್ಟಳು. ಇಂಥ ಗಾತ್ರದ್ದನ್ನು ಇಟ್ಟುಕೊಳ್ಳಬಾರದು, ಇಷ್ಟಕ್ಕಿಂತ ಹೆಚ್ಚು ಹಿಡಿಯಬಾರದು ಎಂದು ಅಲ್ಲಿ ಪ್ರತಿ ವಲಯಕ್ಕೂ ನಿಯಮವಿದೆ. ನನ್ನ ಮನಸ್ಸು ಚುರುಕ್ಕೆಂದಿತು. ಆದರೆ ನಮ್ಮವರು, "ಸರಿಯಾಗಿ ಮಾಡಿದೆ ಮಗಳೇ" ಎಂದರು. ನಮ್ಮ ಪಶ್ಚಿಮ ಕರಾವಳಿಯಲ್ಲೂ ಮೀನು ಮರಿಯಿಡಲೆಂದೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವೆಂದು ಅವಳಿಗೆ ವಿವರಿಸಿದರು. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಕಲಿಸಿದ ಧರ್ಮ ನಮ್ಮದು. ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವುದು ನಮಗೆ ಶೋಭಿಸುವುದಿಲ್ಲ.

ಸಹೋದರಿಯರೇ, ನಂತರ ನನ್ನ ಸರದಿ ಬಂತು. ಮೊಮ್ಮಗಳು ಅದುವರೆಗೆ ಮೀನನ್ನು ಕಂಡದ್ದು ಅಂಗಡಿಯ ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಮುಳ್ಳಿಲ್ಲದ ತುಂಡುಗಳಾಗಿ. ಸೊಸೆಗೂ ಇಡೀ ಮೀನು ಕೊಯ್ದು ಅಭ್ಯಾಸವಿಲ್ಲ. ನಾನು ಚೂರಿ ಹಿಡಿದು ಕುಳಿತೆ. ಮುಳ್ಳಿನ ರೆಕ್ಕೆ ಮೊದಲು ತೆಗೆಯುವುದು, ಬಾಲದಿಂದ ತಲೆಯ ಕಡೆಗೆ ಹುರುಪೆ ಹೆರೆಯುವುದು, ಪಿತ್ತ ಒಡೆಯದಂತೆ ಹೊಟ್ಟೆ ಸೀಳುವುದು, ಎಲ್ಲವನ್ನೂ ಹೇಳಿಕೊಟ್ಟೆ. ಮೊದಲು ಮೂಗು ಮುಚ್ಚಿಕೊಂಡಿದ್ದ ಹುಡುಗಿ ಮೂರನೇ ಮೀನನ್ನು ತಾನೇ ಸ್ವಚ್ಛ ಮಾಡಿದಳು. ಕರಡಿ ಬಾರದಂತೆ ಕಸವನ್ನೆಲ್ಲ ಕಟ್ಟಿ ಮುಚ್ಚಳ ಭದ್ರವಾಗಿರುವ ತೊಟ್ಟಿಗೆ ಹಾಕಿ ಬಂದಳು. ಮೆಣಸಿನ ಹುಡಿ, ಅರಶಿನ, ಕಾಳುಮೆಣಸು, ಲಿಂಬೆರಸ, ಉಪ್ಪು, ಮೇಲಿನಿಂದ ಒಂದಿಷ್ಟು ಅಕ್ಕಿಹಿಟ್ಟು. ಕಾವಲಿಯಲ್ಲಿ ಕಾಯಿಸಿ ತಿಂದಾಗ ನಮ್ಮವರು ಕಣ್ಣು ಮುಚ್ಚಿ, "ಕಾಣೆ ಮೀನಿನ ಹಾಗೇ ಉಂಟು" ಎಂದರು.

ಅಂಥ ಊರುಗಳಲ್ಲಿ ಹಲಾಲ್ ಮಾಂಸ ಸಿಗುವುದು ಕಷ್ಟ. ಆದರೆ ಮೀನಿಗೆ ಝಬಹ್‌ನ ಅಗತ್ಯವಿಲ್ಲ. ನೀರಿನ ಬೇಟೆಯನ್ನು ಅಲ್ಲಾಹನು ಪ್ರಯಾಣಿಕರಿಗೂ ಆಹಾರವಾಗಿ ಧರ್ಮಸಮ್ಮತಗೊಳಿಸಿದ್ದಾನೆಂದು ಪವಿತ್ರ ಕುರ್‌ಆನ್ (5:96) ತಿಳಿಸುತ್ತದೆ. ಪ್ರಯಾಣಿಕರಿಗೆ ನಮಾಝಿನಲ್ಲೂ ರಿಯಾಯಿತಿ ಇದೆ. ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸಿ ನಿರ್ವಹಿಸಿದೆವು. ಕಾಡಿನಲ್ಲಿ ದೀನ್ ಪಾಲಿಸುವುದು ಹೇಗೆಂಬ ಸೊಸೆಯ ಆತಂಕ ಹೀಗೆ ದೂರವಾಯಿತು.

ಆ ರಾತ್ರಿ ಬೆಂಕಿಯ ಸುತ್ತ ಕುಳಿತಿದ್ದೆವು. ಸರೋವರದಿಂದ ಲೂನ್ ಹಕ್ಕಿಯ ನೀಳವಾದ ಕೂಗು ಕೇಳಿಬರುತ್ತಿತ್ತು. ಆ ಹಕ್ಕಿಯ ಚಿತ್ರ ಕೆನಡಾದ ಒಂದು ಡಾಲರ್ ನಾಣ್ಯದ ಮೇಲಿದೆ. ಮೊಮ್ಮಗ ಜೇಬಿನಿಂದ ನಾಣ್ಯ ತೆಗೆದು ಅಜ್ಜನಿಗೆ ತೋರಿಸಿದ. ಅಜ್ಜ ಅವನಿಗೆ ಮೂಸಾ(ಅ) ಮತ್ತು ಅವರ ಯುವ ಸಂಗಾತಿಯ ಕಥೆ ಹೇಳಿದರು. ಎರಡು ನೀರುಗಳು ಕೂಡುವ ತಾಣವನ್ನು ಹುಡುಕುತ್ತಾ ಇಬ್ಬರೂ ಹೊರಟದ್ದು, ಊಟಕ್ಕೆಂದು ತಂದ ಮೀನು ಬಂಡೆಯ ಬಳಿ ನೀರಿಗೆ ಜಾರಿದ್ದು, ಅದನ್ನು ಹೇಳಲು ಯುವಕ ಮರೆತದ್ದು, ಮುಂದೆ ದಣಿದು ಊಟ ಕೇಳಿದಾಗ ಅವನು ಉಳ್ಳದ್ದನ್ನು ಉಳ್ಳಂತೆ ಹೇಳಿದ್ದು, ಎಲ್ಲವೂ ಸೂರಃ ಅಲ್ ಕಹ್ಫ್‌ನಲ್ಲಿದೆ (18:60-64).

"ಮರೆತದ್ದಕ್ಕೆ ಬೈಯಲಿಲ್ವಾ ಅಜ್ಜಾ?" ಎಂದು ಮೊಮ್ಮಗ ಕೇಳಿದ, ಬ್ಯಾರಿಯಲ್ಲಿ!

"ಇಲ್ಲ. ತಾವು ಹುಡುಕುತ್ತಿದ್ದ ಜಾಗ ಅದೇ ಎಂದು ಇಬ್ಬರೂ ಸೇರಿ ಹಿಂದಕ್ಕೆ ನಡೆದರು."

ಮಗ ಬೆಂಕಿಯನ್ನೇ ನೋಡುತ್ತಿದ್ದ. ಮಾರನೇ ದಿನ ಬೆಳಿಗ್ಗೆ ಯಾರಿಗೂ ಹೇಳದೆ ಪೇಟೆಗೆ ಹೋಗಿ ತಂದೆಗೆ ಒಂದು ದಿನದ ಲೈಸೆನ್ಸ್ ಮಾಡಿಸಿಕೊಂಡು ಬಂದ. ನಮ್ಮವರು ಅದನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಆ ದಿನ ಅವರಿಗೆ ಸಿಕ್ಕಿದ್ದು ಒಂದೇ ಮೀನು. ಆದರೆ ಅವರು ಊರಿಗೆ ಬಂದ ಮೇಲೂ ಆ ಕಾಗದವನ್ನು ಬಿಸಾಡಿಲ್ಲ.

ಆ ಸರೋವರದ ಮೂಲನಿವಾಸಿಗಳು ಅನಿಶಿನಾಬೆ ಜನಾಂಗದವರು. ಟೆಮಾಗಮಿ ಎಂಬ ಹೆಸರೂ ಅವರ ಭಾಷೆಯದೇ, ಆಳವಾದ ನೀರು ಎಂದರ್ಥ. ಸರೋವರದ ನಡುವಿನ ಬೇರ್ ಐಲ್ಯಾಂಡ್ ಎಂಬ ದ್ವೀಪದಲ್ಲಿ ಅವರು ಇಂದಿಗೂ ವಾಸಿಸುತ್ತಾರೆ. ಯಾವ ಕೊಲ್ಲಿಯಲ್ಲಿ ಯಾವ ಮೀನು, ಯಾವ ತೊಗಟೆಯಿಂದ ದೋಣಿ ಎಂಬ ವಿದ್ಯೆಯೆಲ್ಲ ಅಂಥ ಜನಾಂಗಗಳಲ್ಲಿ ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳಿಗೆ ಬರುತ್ತಿತ್ತು. ಆದರೆ ಹತ್ತೊಂಬತ್ತನೆಯ ಶತಮಾನದಿಂದ 1990ರ ದಶಕದವರೆಗೆ ಕೆನಡಾದ ಸರಕಾರವು ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ವಸತಿ ಶಾಲೆಗಳಲ್ಲಿ ಇರಿಸಿತು. ಸುಮಾರು 1,50,000 ಮಕ್ಕಳು ಆ ಶಾಲೆಗಳಿಗೆ ಹೋದರು. ಅಲ್ಲಿ ತಾಯಿಭಾಷೆ ಆಡಿದರೆ ಶಿಕ್ಷೆ. ಮರಳಿ ಬಂದ ಎಷ್ಟೋ ಮಕ್ಕಳಿಗೆ ತಮ್ಮ ಅಜ್ಜಿಯೊಡನೆ ಮಾತಾಡಲು ಭಾಷೆಯೇ ಉಳಿದಿರಲಿಲ್ಲ. ಇದನ್ನು ತನಿಖೆ ಮಾಡಿದ ಸತ್ಯ ಮತ್ತು ಸಾಮರಸ್ಯ ಆಯೋಗವು 2015ರಲ್ಲಿ ಇದನ್ನು ಸಾಂಸ್ಕೃತಿಕ ನರಮೇಧವೆಂದೇ ಕರೆಯಿತು.

ಮೊಮ್ಮಗಳು ಇದನ್ನು ಶಾಲೆಯಲ್ಲಿ ಕಲಿತಿದ್ದಳು. ದಡದಲ್ಲಿ ಕುಳಿತು ಅವಳೇ ನನಗೆ ಹೇಳಿದ್ದು. ಕೇಳುತ್ತಾ ನನಗೆ ನಾಚಿಕೆಯಾಯಿತು. ಅವರಿಂದ ಆ ಸಂಬಂಧವನ್ನು ಬಲವಂತವಾಗಿ ಕಿತ್ತುಕೊಂಡರು. ನಮ್ಮಿಂದ ಯಾರೂ ಕಿತ್ತುಕೊಂಡಿಲ್ಲ. "ಅವರಿಗೆ ಆಗಲಿಕ್ಕಿಲ್ಲ" ಎಂಬ ಒಂದು ಒಳ್ಳೆಯ ಮಾತಿನಿಂದ ನಾವೇ ಕಡಿದು ಹಾಕುತ್ತಿದ್ದೇವೆ.

ಕಿರಿಯರ ಮೇಲೆ ಕರುಣೆ ತೋರದವನು, ಹಿರಿಯರನ್ನು ಗೌರವಿಸದವನು ನಮ್ಮವನಲ್ಲವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಗೌರವವೆಂದರೆ ಕುರ್ಚಿ ಕೊಟ್ಟು ಮೂಲೆಯಲ್ಲಿ ಕೂರಿಸುವುದು ಎಂದು ನಾವು ತಿಳಿದುಕೊಂಡಿದ್ದೇವೆ. ಯಾರಿಗೂ ತನ್ನಿಂದ ಏನೂ ಬೇಕಾಗಿಲ್ಲವೆಂದು ಅನಿಸುವುದೇ ಮುದುಕರ ದೊಡ್ಡ ನೋವು. ಅದು ಸಂಧಿವಾತದಂತೆ ಹೊರಗೆ ಕಾಣುವುದಿಲ್ಲ, ಅವರು ಹೇಳುವುದೂ ಇಲ್ಲ.

ಇದಕ್ಕೆ ಕೆನಡಾಕ್ಕೆ ಹೋಗಬೇಕಾಗಿಲ್ಲ ಸಹೋದರಿಯರೇ. ಮುಂದಿನ ರಜೆಯಲ್ಲಿ ಪಣಂಬೂರು ಕಡಲತೀರಕ್ಕೆ ಹೋದರೂ ಸಾಕು. ಹೊರಡುವ ಮೊದಲು ಹಿರಿಯರನ್ನು ಕೇಳಿ. "ಬರುತ್ತೀರಾ?" ಎಂದಲ್ಲ. ಹಾಗೆ ಕೇಳಿದರೆ ನಿಮಗೆ ತೊಂದರೆಯಾಗದಿರಲೆಂದು "ನೀವು ಹೋಗಿ ಬನ್ನಿ" ಎನ್ನುತ್ತಾರೆ. "ನೀವಿಲ್ಲದೆ ಈ ಕೆಲಸ ಆಗುವುದಿಲ್ಲ" ಎನ್ನಿ. ಅದು ಸುಳ್ಳಾಗದಿರಲಿ, ನಿಜವಾಗಿಯೂ ಅವರಿಗೆ ಗೊತ್ತಿರುವ ಕೆಲಸವನ್ನೇ ಕೊಡಿ. ಹತ್ತಿರದಲ್ಲಿ ಶೌಚಾಲಯವಿರುವ, ಹೆಚ್ಚು ಹತ್ತಿ ಇಳಿಯಬೇಕಿಲ್ಲದ ಜಾಗ ಆರಿಸಿ. ದಾರಿಯಲ್ಲಿ ಒಂದೆರಡು ಕಡೆ ಹೆಚ್ಚಿಗೆ ನಿಲ್ಲಿಸಿ. ಮಾತ್ರೆಗಳನ್ನೂ ಒಂದು ಶಾಲನ್ನೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿ, ಮೊಬೈಲ್ ನಿಮ್ಮ ಚೀಲದಲ್ಲಿರಲಿ. ಹಾಸಿಗೆ ಹಿಡಿದವರಿದ್ದರೆ ಪ್ರವಾಸ ಅವರ ಕೋಣೆಯೊಳಗೇ ನಡೆಯಲಿ. ಹಿತ್ತಲಿನ ಗಿಡವೊಂದನ್ನು ತಂದು ತೋರಿಸಿ, ಇದು ಯಾವ ಮದ್ದಿಗೆಂದು ಮಕ್ಕಳಿಂದ ಕೇಳಿಸಿ.

ಟೆಮಾಗಮಿಯಿಂದ ಮರಳಿದ ರಾತ್ರಿ ಮೊಮ್ಮಗಳು ಪೆನ್ನು ಹಿಡಿದು ಫ್ರಿಜ್ಜಿನ ಮುಂದೆ ನಿಂತಿದ್ದಳು. ಅಜ್ಜ ಎಂಬ ಹೆಸರಿನ ಮುಂದೆ "ಮೀನು ಎಲ್ಲಿದೆ ಎಂದು ಹೇಳುವುದು" ಎಂದೂ, ಅಜ್ಜಿಯ ಮುಂದೆ "ನನಗೆ ಕಲಿಸುವುದು" ಎಂದೂ ಬರೆದಳು. ಸೊಸೆ ಅದನ್ನು ಓದಿ ನನ್ನ ಕೈ ಹಿಡಿದುಕೊಂಡಳು. ನಾನು ಅವಳಿಗೆ ಕೆಮ್ಮಣ್ಣುಗುಂಡಿಯ ಕಥೆ ಹೇಳಿದೆ. ಅಂದು ಕಾರಿನಲ್ಲಿ ಕುಳಿತು ನೈಯಪ್ಪ ತಿಂದಿದ್ದ ಹತ್ತು ವರ್ಷದ ಹುಡುಗ ಅವಳ ಗಂಡ ತಾನೇ. ಅವನೂ ಕೇಳಿಸಿಕೊಂಡ.

ನನ್ನ ಅತ್ತೆಯ ಹೆಸರಿನ ಮುಂದಿನ ಜಾಗವನ್ನು ತುಂಬಲು ನನಗೀಗ ದಾರಿಯಿಲ್ಲ, ಅವರಿಗಾಗಿ ದುಆ ಮಾಡುವುದಷ್ಟೇ. ಅಲ್ಲಾಹನು ಅವರ ಕಬರನ್ನು ವಿಶಾಲಗೊಳಿಸಲಿ, ನನ್ನನ್ನು ಕ್ಷಮಿಸಲಿ, ಆಮೀನ್. ಆದರೆ ನಿಮ್ಮ ಅತ್ತೆ ಈಗ ಚಾವಡಿಯಲ್ಲಿ ಕುಳಿತಿರಬಹುದು. ಪತ್ರಿಕೆ ಮುಚ್ಚಿಟ್ಟು ಒಮ್ಮೆ ಹೋಗಿ, ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.